ಹಬ್ಬದ ಪಾತ್ರೆ ತೊಳೆಯುವ ಕೈಗಳು

ಕ್ರಿಸ್ಮಸ್ ಹತ್ತಿರ ಬಂತೆಂದರೆ ಅಟ್ಟದ ಮೇಲಿನ ದೊಡ್ಡ ಸ್ಟೀಲ್ ಪಾತ್ರೆಗಳು ಕೆಳಗಿಳಿಯುತ್ತವೆ. ಒಂದರಲ್ಲಿ ದ್ರಾಕ್ಷಿ ಕುದಿಯುತ್ತದೆ, ಇನ್ನೊಂದರಲ್ಲಿ ಸನ್ನಾದ ಹಿಟ್ಟು ಹುದುಗುತ್ತದೆ, ಮತ್ತೊಂದರಲ್ಲಿ ಕುಸ್ವಾರಿಗೆ ಸಕ್ಕರೆ ಪಾಕ ಸಿದ್ಧವಾಗುತ್ತದೆ. ಹಬ್ಬದ ಮರುದಿನ ಅವೇ ಪಾತ್ರೆಗಳು ತಳ ಹಿಡಿದು, ಕರೆಗಟ್ಟಿ ಬಚ್ಚಲಲ್ಲಿ ಕಾಯುತ್ತಿರುತ್ತವೆ. ಬೇಗ ಮುಗಿಸುವ ಆತುರದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಸುರಿಯುವವರಿದ್ದಾರೆ. ಅಪಾಯ ಇರುವುದು ಅಲ್ಲಿಯೇ.

ಬ್ಲೀಚಿಂಗ್ ಪೌಡರಿಗೆ ಶೌಚಾಲಯ ತೊಳೆಯುವ ಆಸಿಡ್ ಆಗಲಿ, ವಿನೆಗರ್ ಆಗಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟ ವಿಷವಾಯು ಇದೇ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಇದು ಶ್ವಾಸಕೋಶವನ್ನು ಸುಡುತ್ತದೆ. ಕಣ್ಣು ಉರಿದು ಕೆಮ್ಮು ಬಂದರೆ ಎಲ್ಲವನ್ನೂ ಬಿಟ್ಟು ಕೂಡಲೇ ಬಯಲಿಗೆ ಬನ್ನಿ. ಉಸಿರಾಟ ಕಷ್ಟವಾದರೆ ಆಸ್ಪತ್ರೆಗೆ ಹೋಗಲು ತಡಮಾಡಬೇಡಿ. ಕಾಸ್ಟಿಕ್ ಸೋಡಾವಂತೂ ಅಡುಗೆಮನೆಗೆ ಬರಲೇಬಾರದು. ಅದರ ಒಂದು ಹನಿ ಕಣ್ಣಿನ ದೃಷ್ಟಿಯನ್ನೇ ಕಸಿಯಬಲ್ಲದು.

ಇಷ್ಟು ಕಟುವಾದ ವಸ್ತುಗಳು ಸ್ಟೀಲಿಗೂ ಬೇಕಿಲ್ಲ. ಉಕ್ಕಿಗೆ ಕನಿಷ್ಠ ನೂರಕ್ಕೆ ಹತ್ತೂವರೆ ಪಾಲು ಕ್ರೋಮಿಯಂ ಬೆರೆತಾಗ ಅದು ಸ್ಟೇನ್‌ಲೆಸ್ ಎನಿಸಿಕೊಳ್ಳುತ್ತದೆ. ಗಾಳಿ ತಾಗಿದಾಗ ಆ ಕ್ರೋಮಿಯಂ ಕಣ್ಣಿಗೆ ಕಾಣದ ತೆಳು ಪದರವಾಗಿ ಪಾತ್ರೆಯನ್ನು ತುಕ್ಕಿನಿಂದ ಕಾಯುತ್ತದೆ. ಬ್ಲೀಚ್ ಈ ಪದರವನ್ನು ಕೊರೆದು ಸಣ್ಣ ಕುಳಿಗಳನ್ನು ಮಾಡುತ್ತದೆ. ಉಪ್ಪುನೀರನ್ನು ರಾತ್ರಿಯಿಡೀ ಬಿಟ್ಟರೂ ಹೀಗಾಗಬಹುದು. ಕಬ್ಬಿಣದ ನಾರಿನಿಂದ ಉಜ್ಜಿದರೆ ಅದರ ಚೂರುಗಳು ಉಳಿದು ತುಕ್ಕು ಹಿಡಿಯುತ್ತವೆ.

ಹಾಗಾದರೆ ಏನು ಮಾಡಬೇಕು? ಬಳಸಿದ ಕೂಡಲೇ ಪಾತ್ರೆಗೆ ನೀರು ತುಂಬಿಡಿ. ತಳ ಹಿಡಿದಿದ್ದರೆ ನೀರಿಗೆ ಎರಡು ಮೂರು ಚಮಚ ಅಡುಗೆ ಸೋಡಾ ಹಾಕಿ ಕುದಿಸಿ, ಆರಲು ಬಿಟ್ಟು ಮರದ ಸಟ್ಟುಗದಿಂದ ಎಬ್ಬಿಸಿ. ಗಡಸು ನೀರಿನ ಬಿಳಿ ಕಲೆಗೆ ಲಿಂಬೆಹಣ್ಣಿನ ಹೋಳು ಸಾಕು. ಮೃದುವಾದ ನಾರಿನಿಂದ ಸಾಬೂನು ಹಚ್ಚಿ ತಿಕ್ಕಿ, ಎರಡು ಮೂರು ಸಲ ನೀರಿನಲ್ಲಿ ಜಾಲಾಡಿಸಿ, ಒರೆಸಿ ಒಣಗಿಸಿ. ಹಿಟ್ಟು ಹುದುಗಿಸುವ ಪಾತ್ರೆಯಲ್ಲಿ ಹಳೆಯ ಜಿಡ್ಡಾಗಲಿ ಸಾಬೂನಾಗಲಿ ಉಳಿಯಬಾರದು. ಒಂದು ಸಲಕ್ಕೆ ಒಂದೇ ವಸ್ತು, ಕಿಟಕಿ ತೆರೆದಿರಲಿ: ಇಷ್ಟನ್ನು ನೆನಪಿಡಿ.

ಇನ್ನೊಂದು ಮಾತು. ಅಷ್ಟು ದೊಡ್ಡ ಪಾತ್ರೆಯನ್ನು ಎತ್ತಿ ಮಗುಚಲು ಇಬ್ಬರು ಬೇಕು. ಆದರೆ ಅನೇಕ ಮನೆಗಳಲ್ಲಿ ಊಟಕ್ಕೆ ಇಪ್ಪತ್ತು ಮಂದಿ, ತೊಳೆಯಲು ತಾಯಿ ಒಬ್ಬಳೇ. ಆತುರ ಹುಟ್ಟುವುದೂ ಆ ಒಂಟಿತನದಿಂದಲೇ. ಕಾನಾ ಊರಿನ ಮದುವೆಯಲ್ಲಿ ಆರು ಕಲ್ಲಿನ ಬಾನೆಗಳಿಗೆ ಕಂಠದವರೆಗೆ ನೀರು ತುಂಬಿದವರು ಸೇವಕರು. ದ್ರಾಕ್ಷಾರಸದ ರುಚಿ ನೋಡಿದ ಮೇಲ್ವಿಚಾರಕನಿಗೆ ಅದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ನೀರು ಹೊತ್ತವರಿಗೆ ತಿಳಿದಿತ್ತು ಎನ್ನುತ್ತಾರೆ ಸಂತ ಯೊವಾನ್ನರು. ಈ ಸಲ ಹಬ್ಬದೂಟ ಮುಗಿದ ಮೇಲೆ ಮನೆಯ ಗಂಡಸರೂ ಮಕ್ಕಳೂ ಬಚ್ಚಲ ಕಡೆ ನಡೆಯಲಿ. ಪ್ರಭುವಿನ ಕೆಲಸ ಹತ್ತಿರದಿಂದ ಕಾಣುವುದು ಅಲ್ಲಿಂದಲೇ.