ಗಂಜಾಮಿನ ದೊಡ್ಡಸ್ವಾಮಿಗಳು

ಶ್ರೀರಂಗಪಟ್ಟಣವನ್ನು ನೋಡಲು ಬಂದವರು ರಂಗನಾಥಸ್ವಾಮಿಯ ದರ್ಶನ ಮಾಡುತ್ತಾರೆ. ದರಿಯಾ ದೌಲತ್ತಿನ ಗೋಡೆಯ ಚಿತ್ರಗಳನ್ನು ನೋಡುತ್ತಾರೆ. ಗುಂಬಜಿಗೆ ಹೋಗಿ, ಸಂಗಮದಲ್ಲಿ ಕಾಲು ನೆನೆಸಿ, ಬಸ್ಸಿಗೆ ಹೊತ್ತಾಯಿತೆಂದು ಹಿಂದಿರುಗುತ್ತಾರೆ. ಅದೇ ದ್ವೀಪದ ಗಂಜಾಮಿನಲ್ಲಿ ಒಂದು ಹಳೆಯ ಇಗರ್ಜಿ ಉಂಟು. ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿ ಅದರ ಹೆಸರು ಕಡೆಗೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಪಾಂಡವಪುರದ ಕಡೆಯವನಾದ ನಾನೇ ನಡುವಯಸ್ಸು ದಾಟುವವರೆಗೆ ಅತ್ತ ಹೋಗಿರಲಿಲ್ಲ. ಆ ಇಗರ್ಜಿಯೊಡನೆ ಜೋಡಿಕೊಂಡಿರುವ ಹೆಸರು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ಅವರದು. ನಮ್ಮ ಹಿರಿಯರು ಅವರನ್ನು ಕರೆಯುತ್ತಿದ್ದುದು ‘ದೊಡ್ಡಸ್ವಾಮಿಗಳು’ ಎಂದು.

‘ಅಬ್ಬೆ’ ಎಂದೊಡನೆ ಹಳಗನ್ನಡ ಬಲ್ಲವರ ಕಿವಿ ನಿಮಿರೀತು. ನಮ್ಮಲ್ಲಿ ಅಬ್ಬೆಯೆಂದರೆ ತಾಯಿ. ಫ್ರೆಂಚರಲ್ಲಿ ಅದೇ ಸದ್ದಿನ ಮಾತು ‘ತಂದೆ’ ಎಂಬರ್ಥದ ಹಳೆಯ ಶಬ್ದದಿಂದ ಬಂದು, ಪಾದ್ರಿಗಳಿಗೆ ಬಿರುದಾಗಿ ನಿಂತಿದೆ. ಇದು ಬರಿಯ ಆಕಸ್ಮಿಕ. ಇದರಿಂದ ಯಾವ ಸಿದ್ಧಾಂತವನ್ನೂ ಹೊರಡಿಸಬೇಕಾಗಿಲ್ಲ.

ಜಾನ್ ಆಂತ್ವಾನ್ ದ್ಯುಬ್ವಾ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಆರ್ದೆಷ್ ಸೀಮೆಯ ಒಂದು ಸಣ್ಣ ಊರಿನಲ್ಲಿ. 1766ರ ಜನವರಿಯಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಹಡಗು ಹತ್ತಿದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಅದು ಫ್ರಾನ್ಸಿನಲ್ಲಿ ಕ್ರಾಂತಿ ಉರಿಯುತ್ತಿದ್ದ ಕಾಲ. ಪಾದ್ರಿಗಳ ತಲೆ ಕುತ್ತಿಗೆಯ ಮೇಲೆ ನಿಲ್ಲುವ ಭರವಸೆ ಇರಲಿಲ್ಲ. ಪ್ಯಾರಿಸಿನ ವಿದೇಶ ಮಿಷನ್ ಸಂಘ ಇಂಥ ಯುವಕರನ್ನು ಆರಿಸಿ ಪೂರ್ವದೇಶಗಳಿಗೆ ಕಳುಹಿಸುತ್ತಿತ್ತು. ಹೋದವರು ಸಾಮಾನ್ಯವಾಗಿ ಹಿಂದಿರುಗುತ್ತಿರಲಿಲ್ಲ. ತಾಯ್ನಾಡಿನಿಂದ ಬೀಳ್ಕೊಳ್ಳುವುದೆಂದರೆ ಬದುಕಿರುವಾಗಲೇ ಎಳ್ಳುನೀರು ಬಿಟ್ಟಂತೆ. ತರುಣ ದ್ಯುಬ್ವಾ ಪುದುಚೇರಿಗೆ ಬಂದಿಳಿದು, ಮೊದಲ ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದರು.

ಬಂದವರು ಮೊದಲು ಮಾಡಿದ ಕೆಲಸ ವೇಷ ಬದಲಿಸಿದ್ದು. ಬಿಳಿಯ ನಿಲುವಂಗಿ, ಮುಂಡಾಸು, ಗಡ್ಡ, ಕೈಯಲ್ಲಿ ಕೋಲು. ಮಾಂಸವನ್ನು ಬಿಟ್ಟರು, ಯೂರೋಪಿಯನ್ನರ ಸಹವಾಸವನ್ನೂ ಆದಷ್ಟು ಬಿಟ್ಟರು. ಈ ಉಪಾಯ ಅವರದೇ ಅಲ್ಲ. 1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸ್ವಿತ್ ಪಾದ್ರಿ ರಾಬರ್ತೊ ದೆ ನೊಬಿಲಿ ಕಾವಿ ತೊಟ್ಟು ಸಂನ್ಯಾಸಿಯಂತೆ ಬಾಳಿದ್ದರು. ಅವರ ಜಾಡು ಹಿಡಿದು ಬಂದ ಲಿಯೊನಾರ್ದೊ ಚಿನ್ನಮಿ 1640ರ ದಶಕದ ಕೊನೆಗೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಶ್ರೀರಂಗಪಟ್ಟಣದಲ್ಲಿಯೇ ಮೈಸೂರು ಮಿಷನ್ನನ್ನು ಆರಂಭಿಸಿದರು. ಆತ ಕನ್ನಡ ಕಲಿತು, ಕನ್ನಡಕ್ಕೊಂದು ವ್ಯಾಕರಣವನ್ನೂ ನಿಘಂಟನ್ನೂ ಬರೆದನೆಂಬುದನ್ನು ಕಿಟ್ಟೆಲ್ಲರನ್ನು ನೆನೆಯುವ ನಾವು ಮರೆಯಬಾರದು. 1773ರಲ್ಲಿ ಪೋಪರು ಜೆಸ್ವಿತ್ ಸಂಘವನ್ನೇ ರದ್ದುಮಾಡಿದರು. ಅವರು ಬಿಟ್ಟುಹೋದ ಹೊಲ ಪ್ಯಾರಿಸಿನ ಸಂಘದ ಪಾಲಿಗೆ ಬಂತು. ದ್ಯುಬ್ವಾ ಉತ್ತದ್ದು ಈ ಹೊಲವನ್ನು.

1799ರ ಮೇ 4ರಂದು ಕೋಟೆ ಬಿತ್ತು; ಟಿಪ್ಪು ಮಡಿದ. ಸೋತ ಪಟ್ಟಣದ ಜನಸಾಗರದಲ್ಲಿ ಕ್ರೈಸ್ತರೂ ಇದ್ದರು. 1784ರಲ್ಲಿ ಕರಾವಳಿಯಿಂದ ಸೆರೆ ತಂದವರಲ್ಲಿ ಉಳಿದವರು ಅವರು. ಹಲವರು ಬಲವಂತಕ್ಕೆ ಮತ ಬದಲಿಸಿದ್ದವರು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಲೇಖಕರಲ್ಲಿ ಒಮ್ಮತವಿಲ್ಲ. ಸೆರೆ ಮಾತ್ರ ನಿಜ. ಅವರನ್ನು ಮತ್ತೆ ಒಗ್ಗೂಡಿಸಲೆಂದು ದ್ಯುಬ್ವಾ ನಮ್ಮ ಸೀಮೆಗೆ ಬಂದರು. ಶಿರಾದಿಂದ ಒಕ್ಕಲುಗಳನ್ನು ಎಬ್ಬಿಸಿ ತಂದು ಟಿಪ್ಪು ಕಟ್ಟಿಸಿದ ಗಂಜಾಮಿನಲ್ಲಿ, ಎಲ್ಲಿಂದಲೋ ಬಂದವರ ನಡುವೆ, ಇವರೂ ಒಬ್ಬರಾದರು. ಗೆದ್ದವರು ಇಂಗ್ಲಿಷರು, ಫ್ರೆಂಚರು ಅವರ ಹಗೆಗಳು. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ದಂಡು ಇಳಿದುಕೊಂಡಿದ್ದ ಹಿರೋಡೆಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಿದ್ದಿತ್ತು. ಅದೇ ಇಂದಿನ ಪಾಂಡವಪುರ. ನಮ್ಮ ಅಜ್ಜಂದಿರ ಬಾಯಲ್ಲಿ ಆ ಹೆಸರು ಬಹುಕಾಲ ಉಳಿದಿತ್ತು. ಫ್ರೆಂಚ್ ಸಿಪಾಯಿಗಳು ಬಿಟ್ಟುಹೋದದ್ದು ಒಂದು ಬಂಡೆಯ ಹೆಸರನ್ನು. ಫ್ರೆಂಚ್ ಪಾದ್ರಿ ಬಿಟ್ಟುಹೋದದ್ದು ಏನು?

ನನ್ನ ತಾಯಿಯ ತಾಯಿ ನಾಗಮಂಗಲದವರು. ಅವರ ಕೆನ್ನೆ, ಹಣೆಗಳ ಮೇಲೆ ಸಿಡುಬಿನ ಕಲೆಗಳಿದ್ದವು. ‘ಅಮ್ಮ ಬಂದು ಹೋದ ಗುರುತು ಕಣಪ್ಪ’ ಎಂದು ಬೆರಳಲ್ಲಿ ಮುಟ್ಟಿ ತೋರಿಸುತ್ತಿದ್ದರು. ಸಿಡುಬು ನಮ್ಮಲ್ಲಿ ರೋಗವಾಗಿರಲಿಲ್ಲ, ದೇವತೆಯಾಗಿತ್ತು. ಅಮ್ಮ ಮನೆಗೆ ಬಂದಾಗ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆಯ ಸದ್ದಿಲ್ಲದೆ, ಮೆಲುದನಿಯಲ್ಲಿ ಮಾತಾಡುತ್ತ, ಆಕೆ ತಾನಾಗಿ ಇಳಿದುಹೋಗುವವರೆಗೆ ಕಾಯುತ್ತಿದ್ದರು. ಇಂಥ ಊರುಗಳಲ್ಲಿ, ಇಂದಿಗೆ ಇನ್ನೂರು ವರ್ಷಗಳಿಗೂ ಹಿಂದೆ, ಒಬ್ಬ ಪರದೇಶಿ ಬಂದು ‘ಮಗುವಿನ ತೋಳನ್ನು ಕೊಡಿ, ಗೀರುತ್ತೇನೆ’ ಎಂದರೆ ಹೇಗಿದ್ದೀತು!

ಎಡ್ವರ್ಡ್ ಜೆನ್ನರ್ ಗೋಸಿಡುಬಿನ ವಿಷಯವಾಗಿ ಬರೆದದ್ದು 1798ರಲ್ಲಿ. 1802ರ ಜೂನಿನಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಹಾಕಿದ್ದು ಭಾರತದ ಮೊದಲ ದೇವಿ. ಆಗಿನ ವಿಧಾನವನ್ನು ಇಲ್ಲಿ ವಿವರಿಸಬೇಕು. ಮದ್ದನ್ನು ಶೀಸೆಯಲ್ಲಿ ತುಂಬಿ ಕಾಪಾಡುವ ಬಗೆ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಬಿಸಿಲಿಗೆ ಅದು ಕೆಡುತ್ತಿತ್ತು. ಆದ್ದರಿಂದ ಒಂದು ಮಗುವಿಗೆ ಗೀರಿ, ಸುಮಾರು ಎಂಟನೆಯ ದಿನ ಆ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಚ್ಚಬೇಕು, ಅದರಿಂದ ಮತ್ತೊಂದಕ್ಕೆ. ಈ ಸರಪಣಿಯ ಒಂದು ಕೊಂಡಿ ತಪ್ಪಿದರೂ ಮದ್ದು ನಾಶವಾಯಿತು. ತೋಳಿನಿಂದ ತೋಳಿಗೆ ಎಂದರೆ ನಮ್ಮಲ್ಲಿ ಜಾತಿಯಿಂದ ಜಾತಿಗೆ ಎಂದೇ ಅರ್ಥ. ಯಾರ ಮನೆಯ ಮಗುವಿನ ಮೈಯ ರಸ ಯಾರ ಮನೆಯ ಮಗುವಿನ ಮೈಗೆ? ನೀರು ಮುಟ್ಟಿಸಿಕೊಳ್ಳದ ಊರಿನಲ್ಲಿ ಈ ಮಾತನ್ನು ಒಪ್ಪಿಸಲು ವೈದ್ಯ ಸಾಲದು. ಜನ ನಂಬುವ ಮನುಷ್ಯನೇ ಬೇಕು. ಮೈಸೂರು ಸೀಮೆಯಲ್ಲಿ ದೇವಿ ಹಾಕುವ ಕೆಲಸಕ್ಕೆ ಮುಂದಾದವರಲ್ಲಿ ದ್ಯುಬ್ವಾ ಒಬ್ಬರು. ಅವರ ಗಡ್ಡ, ಮುಂಡಾಸುಗಳು ಯಾರನ್ನು ಇಗರ್ಜಿಗೆ ಕರೆತಂದವೋ ಬೇರೆ ಮಾತು. ಗೀರಲು ತೋಳೊಡ್ಡುವ ಧೈರ್ಯವನ್ನು ಅವು ತಂದಿರಬೇಕೆಂದು ನಾನು ಊಹಿಸುತ್ತೇನೆ.

ಅರಮನೆಯೂ ಹಿಂದೆ ಬೀಳಲಿಲ್ಲ. ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ಸುಮಾರು 1805ರಲ್ಲಿ ಬರೆದ ಚಿತ್ರವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳಿನ ಕಡೆ ಬೆರಳಿಟ್ಟಿದ್ದಾಳೆ. ಇವರು ಮೈಸೂರಿನ ರಾಣಿವಾಸದವರು, ತೋರಿಸುತ್ತಿರುವುದು ದೇವಿ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ನಮ್ಮ ದೊಡ್ಡಸ್ವಾಮಿಗಳ ಭಾವಚಿತ್ರವನ್ನು ಬರೆದವನೂ ಇದೇ ಹಿಕಿ. ರಾಣಿಯರ ತೋಳನ್ನೂ ಪಾದ್ರಿಯ ಮುಂಡಾಸನ್ನೂ ಒಂದೇ ಕುಂಚ ಕಂಡಿತೆಂಬುದು ನನಗೆ ಸೊಗಸಾಗಿ ತೋರುತ್ತದೆ. ಭಾರತದಲ್ಲಿ ಸಿಡುಬು ಕೊನೆಯದಾಗಿ ಕಂಡದ್ದು 1975ರಲ್ಲಿ. 1980ರಲ್ಲಿ ಅದು ಜಗತ್ತಿನಿಂದಲೇ ಅಳಿಯಿತೆಂದು ಸಾರಿದರು. ಅಜ್ಜಿ ಅದನ್ನು ಕೇಳಲು ಇರಲಿಲ್ಲ.

ಇನ್ನೊಂದು ಕೆಲಸ ಬೇಸಾಯದ್ದು. ಇಂದು ಶ್ರೀರಂಗಪಟ್ಟಣದಿಂದ ಪಾಂಡವಪುರ, ಕೃಷ್ಣರಾಜಪೇಟೆಗಳನ್ನು ಹಾದು ಚನ್ನರಾಯಪಟ್ಟಣದ ಮೇಲೆ ಹಾಸನಕ್ಕೆ ಹೋಗುವವರಿಗೆ ಆ ದೂರದ ಅಂದಾಜಿದೆ. ಕೃಷ್ಣರಾಜಪೇಟೆಗೆ ಆಗ ಅತ್ತಿಗುಪ್ಪೆಯೆಂದು ಹೆಸರು. ಹಾಸನದ ಬಳಿ, ಹಳೆಯ ಗೆಜೆಟಿಯರುಗಳು ಸಾಥಲ್ಲಿ ಎಂದು ಬರೆಯುವ ಊರಿನಲ್ಲಿ, ದ್ಯುಬ್ವಾ ತಮ್ಮ ಜನಕ್ಕೆ ಒಕ್ಕಲುತನದ ನೆಲೆ ಮಾಡಿಕೊಟ್ಟರು. ನೆಲವಿಲ್ಲದವನಿಗೆ ನೆಲ; ಅದರ ಬೆಲೆಯನ್ನು ಮಂಡ್ಯದ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಲೋಕಕ್ಕೆ ಅವರು ಗೊತ್ತಿರುವುದು ಪುಸ್ತಕದಿಂದ. ಹಿಂದೂಗಳ ನಡವಳಿ, ಆಚಾರ, ಉತ್ಸವಗಳನ್ನು ಕುರಿತು ಅವರು ಫ್ರೆಂಚಿನಲ್ಲಿ ಬರೆದ ಗ್ರಂಥ ರೆಸಿಡೆಂಟ್ ಮಾರ್ಕ್ ವಿಲ್ಕ್ಸರ ಕೈಸೇರಿತು. ಮದರಾಸಿನ ಗವರ್ನರ್ ಬೆಂಟಿಂಕರು 1807ರಲ್ಲಿ ಎಂಟು ಸಾವಿರ ರೂಪಾಯಿ ಕೊಟ್ಟು ಅದನ್ನು ಕಂಪೆನಿಗೆ ಕೊಂಡರು. 1816ರಲ್ಲಿ ಇಂಗ್ಲಿಷಿಗೆ ಬಂತು. ಪಾದ್ರಿಗಳು ತಿದ್ದಿ ಬೆಳೆಸಿದ ಪ್ರತಿಯನ್ನು 1897ರಲ್ಲಿ ಬೋಷಾಂಪ್ ಎಂಬವರು ಅನುವಾದಿಸಿ, ಮ್ಯಾಕ್ಸ್ ಮುಲ್ಲರರ ಮುನ್ನುಡಿಯೊಡನೆ ಪ್ರಕಟಿಸಿದರು.

ಕಾಲೇಜಿನ ದಿನಗಳಲ್ಲಿ ಅದನ್ನು ಓದಿ ನನಗೆ ಸಿಟ್ಟು ಬಂದಿತ್ತು. ಉಂಡ ಮನೆಯ ಜಂತೆ ಎಣಿಸಿದ ಹಾಗೆ ಕಂಡಿತು. ನಮ್ಮ ಪೂಜೆಪುನಸ್ಕಾರಗಳನ್ನು ಆತ ಎಷ್ಟು ಹತ್ತಿರದಿಂದ ನೋಡಿದ್ದಾರೆ, ಎಷ್ಟು ತಿರಸ್ಕಾರದಿಂದ ಬರೆದಿದ್ದಾರೆ! ಮುಂದೆ ಬೇರೊಂದು ವಿಷಯ ತಿಳಿಯಿತು. ಈ ಗ್ರಂಥದ ಬಹುಭಾಗಕ್ಕೆ ಮೂಲ, ಜೆಸ್ವಿತ್ ಪಾದ್ರಿ ಕೂರ್ದೂ ಅವರ ಬರಹ. 1777ರಲ್ಲಿ ದೆವೋ ಎಂಬ ಫ್ರೆಂಚ್ ಅಧಿಕಾರಿ ಅದನ್ನು ಅಳವಡಿಸಿ ಬರೆದ ಪ್ರತಿಯಲ್ಲಿ ಅದು ಉಳಿದಿದೆ ಎಂದು ಸಿಲ್ವಿಯಾ ಮೂರ್ ಎಂಬ ವಿದುಷಿ 1987ರಲ್ಲಿ ಸಾಧಿಸಿ ತೋರಿಸಿದರು. ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ಇರುವ ನಂಟನ್ನು ವಿಲಿಯಂ ಜೋನ್ಸರಿಗೂ ಮೊದಲೇ ಕಂಡವರು ಈ ಕೂರ್ದೂ. ಅಂದರೆ ದ್ಯುಬ್ವಾ ಕಂಡದ್ದೆಂದು ನಾವು ಓದುವುದರಲ್ಲಿ ಎಷ್ಟೋ ಭಾಗ ಇನ್ನೊಬ್ಬರು, ಬೇರೆ ಸೀಮೆಯಲ್ಲಿ, ಬೇರೆ ಕಾಲದಲ್ಲಿ ಕಂಡದ್ದು. ಸಾಲ ತಂದದ್ದು ತಪ್ಪಲ್ಲ. ಸಾಲಗಾರನ ಹೆಸರು ಹೇಳದಿದ್ದುದು ತಪ್ಪು. ಮನೆಮನೆಯ ಬಾಗಿಲಲ್ಲಿ ನಿಂತ ಮನುಷ್ಯ ಬರೆಯಲು ಕುಳಿತಾಗ ಯಾಕೆ ಇನ್ನೊಬ್ಬರ ಕಣ್ಣನ್ನು ನೆಚ್ಚಿದರು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಅವರದೇ ಎನ್ನಬಹುದಾದ ಪುಸ್ತಕ ಬೇರೆ ಇದೆ. 1823ರ ಜನವರಿಯಲ್ಲಿ, ಮೂವತ್ತು ವರ್ಷಗಳ ತರುವಾಯ, ಕಂಪೆನಿಯ ವಿಶ್ರಾಂತಿ ವೇತನ ಪಡೆದು ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಗತಿಗಳನ್ನು ಕುರಿತ ಅವರ ಪತ್ರಗಳು ಅಚ್ಚಾದವು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಕೆಲಸ ಎಂಬುದೇ ಅವುಗಳ ತಿರುಳು. ಮಿಷನ್ನುಗಳಿಗಾಗಿ ಹಣ ಕೂಡಿಸುತ್ತಿದ್ದ ಇಂಗ್ಲೆಂಡಿನಲ್ಲಿ ಇದು ಕೋಲಾಹಲವೆಬ್ಬಿಸಿತು; ಜೇಮ್ಸ್ ಹೂ ಮೊದಲಾದ ಪಾದ್ರಿಗಳು ಮರುವರ್ಷವೇ ಖಂಡನೆ ಬರೆದರು. ದ್ಯುಬ್ವಾ ತಮ್ಮ ಲೆಕ್ಕವನ್ನೇ ಮುಂದಿಟ್ಟಿದ್ದರು: ಇಪ್ಪತ್ತೈದು ವರ್ಷ ದುಡಿದು, ಒಬ್ಬ ದೇಶೀಯ ಸಹಾಯಕನ ನೆರವಿನಿಂದ, ಗಂಡಸರು ಹೆಂಗಸರು ಸೇರಿ ಇನ್ನೂರು ಮುನ್ನೂರು ಜನ. ಅವರಲ್ಲಿ ಮೂರರಲ್ಲೆರಡು ಪಾಲು ಹೊಲಗೇರಿಯವರು, ಇಲ್ಲವೆ ಭಿಕ್ಷುಕರು. ಉಳಿದವರು ಜಾತಿಯಿಂದ ಹೊರಬಿದ್ದವರು, ಮದುವೆಯ ಸಂಬಂಧ ಹುಡುಕಿಕೊಂಡು ಬಂದವರು.

ಸೋತೆನೆಂದು ಇಷ್ಟು ಬಿಚ್ಚಿ ಹೇಳಿದ ಪಾದ್ರಿಗಳು ಅಪರೂಪ. ಓದಿದಾಗ ಅವರ ಪ್ರಾಮಾಣಿಕತೆಗೆ ತಲೆಬಾಗಿದೆ. ಎರಡನೆಯ ಸಲ ಓದಿದಾಗ ಆ ಲೆಕ್ಕದ ರೀತಿಯೇ ಚುಚ್ಚತೊಡಗಿತು. ಇನ್ನೂರು ಮುನ್ನೂರು ಮನುಷ್ಯರು ಯಾಕೆ ಸೊನ್ನೆಯಾಗಬೇಕು? ಬಡವರೆಂದೆ? ಹೊಲಗೇರಿಯವರೆಂದೆ? ಇದು ಏಸುವಿನ ಲೆಕ್ಕವಂತೂ ಅಲ್ಲ. ಬೆಸ್ತರ ನಡುವೆ ಓಡಾಡಿದವನು ಆತ. ಇದು ನಮ್ಮ ಅಗ್ರಹಾರದ ಜಗಲಿಯ ಲೆಕ್ಕ. ಜಾತಿಯ ಏರ್ಪಾಟನ್ನು ಹಿಂದೂಗಳ ಶಾಸನಗಳಲ್ಲೆಲ್ಲ ಶ್ರೇಷ್ಠವೆಂದು ತಮ್ಮ ದೊಡ್ಡ ಗ್ರಂಥದಲ್ಲಿ ಹೊಗಳಿದವರೂ ಇವರೇ. ನಮ್ಮ ಉಡುಪನ್ನು ತೊಟ್ಟರು, ನಮ್ಮ ಊಟ ಉಂಡರು, ನಮ್ಮ ನುಡಿ ಕಲಿತರು; ಜೊತೆಗೆ ಯಾರು ಎಣಿಕೆಗೆ ಬರುತ್ತಾರೆ, ಯಾರು ಬಾರರು ಎಂಬುದನ್ನೂ ನಮ್ಮಿಂದಲೇ ಕಲಿತರೆ? ಹಾಗಿದ್ದರೆ ಈ ಪುಸ್ತಕವನ್ನು ಓದಿ ಸಿಟ್ಟಾಗುವ ಹಕ್ಕು ನನಗೆಷ್ಟಿದೆ? ಆ ಇನ್ನೂರು ಮುನ್ನೂರು ಜನ ಇಗರ್ಜಿಯ ಹೊಸಲು ದಾಟಿದ ದಿನ ತಮ್ಮನ್ನು ತಾವು ಏನೆಂದುಕೊಂಡರು ಎಂಬುದನ್ನು ಪತ್ರಗಳಲ್ಲಿ ಹುಡುಕಿದೆ. ಅಲ್ಲಿ ಅವರ ಸಂಖ್ಯೆಯಿದೆ, ಮಾತಿಲ್ಲ.

ಪ್ಯಾರಿಸಿಗೆ ಮರಳಿದ ಮೇಲೆ ದ್ಯುಬ್ವಾ ತಮ್ಮ ಸಂಘದ ಹಿರಿಯ ಹುದ್ದೆಗೇರಿದರು; 1848ರಲ್ಲಿ ಅಲ್ಲಿಯೇ ತೀರಿಕೊಂಡರು. ಕಾವೇರಿಯನ್ನು ಮತ್ತೆ ಕಾಣಲಿಲ್ಲ. 1826ರಲ್ಲಿ ತಮಿಳು, ತೆಲುಗು, ಕನ್ನಡ ಪ್ರತಿಗಳನ್ನು ನೋಡಿ ಪಂಚತಂತ್ರವನ್ನು ಫ್ರೆಂಚಿಗೆ ತಂದರು. ಅದರ ಜೊತೆಯಲ್ಲೇ ಪರಮಾರ್ಥ ಗುರುವಿನ ಕಥೆಗಳನ್ನೂ ಅನುವಾದಿಸಿದರು. ಗುರು ಶಿಷ್ಯರು ಹೊಳೆ ದಾಟಿ, ದಡದಲ್ಲಿ ನಿಂತು ತಲೆ ಎಣಿಸುವ ಕಥೆ ಅಲ್ಲಿದೆ. ಎಣಿಸುವವನು ಪ್ರತಿ ಸಲವೂ ತನ್ನನ್ನು ಬಿಟ್ಟು ಎಣಿಸುತ್ತಾನೆ. ಒಬ್ಬ ಹೊಳೆಯ ಪಾಲಾದನೆಂದು ಎಲ್ಲರೂ ಕುಳಿತು ಗೋಳಾಡುತ್ತಾರೆ.