ಎಲ್ಲಿ ನಿಂತಿತು ಎಂದು ಕೇಳುವ ಕಸುಬು

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರ ದಾಟಿ ನಿಪ್ಪಾಣಿಯ ಕಡೆ ಹೊರಟರೆ ಹುಕ್ಕೇರಿ ತಾಲ್ಲೂಕಿನ ಕಣಗಲಾ ಸಿಗುತ್ತದೆ. ಹೊರಗಿನವರಿಗೆ ಈ ಊರಿನ ಗುರುತು ಕೇಂದ್ರ ಸರ್ಕಾರದ ಎಚ್‌ಎಲ್‌ಎಲ್ ಲೈಫ್‌ಕೇರ್ ಕಾರ್ಖಾನೆ. ಊರಿನವರಿಗೆ ಕಬ್ಬು, ಸಂಕೇಶ್ವರದ ಪೇಟೆ, ಪಂಚಾಯ್ತಿ, ಸೊಸೈಟಿ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ ಬಂದು ಕೈಬರಹದ ಉತಾರ ನಿಂತ ಮೇಲೆ ಸಾಲ, ಬೆಳೆವಿಮೆ, ವಾಟಣಿ, ಮಕ್ಕಳ ಜಾತಿ-ಆದಾಯ ಪ್ರಮಾಣಪತ್ರ ಎಲ್ಲಕ್ಕೂ ಒಂದು ಕಂಪ್ಯೂಟರಿನ ಮುಂದೆ ಪಾಳಿ ಹಚ್ಚಲೇಬೇಕು. ಮುಂಜಾನೆ ಆ ಕಂಪ್ಯೂಟರ್ ಅರ್ಧಕ್ಕೆ ನಿಂತರೆ ಹತ್ತಾರು ಮನೆಗಳ ಕೆಲಸ ನಿಲ್ಲುತ್ತದೆ. ಅದನ್ನು ಮತ್ತೆ ನಡೆಸುವ ಕಸುಬಿನ ಬಗ್ಗೆ ನಾವು ಬರೆದದ್ದು ಬಹಳ ಕಡಿಮೆ.

"ಸರ, ಬಟನ್ ಒತ್ತಿದ್ರ ಚಾಲೂ ಆಗತೈತ್ರಿ, ಆಮ್ಯಾಲ ಅಲ್ಲೇ ನಿಂತಬಿಡತೈತಿ" ಎಂದು ಗಿರಾಕಿ ಹೇಳುತ್ತಾರೆ. ಬಲ್ಲ ರಿಪೇರಿಗಾರ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕೇಳುವುದು ಒಂದೇ: "ಎಲ್ಲಿ ನಿಂದರತೈತ್ರಿ? ಕಂಪನಿ ಹೆಸರ ಬಂದಲ್ಲೋ, ಚುಕ್ಕಿ ತಿರಗೋ ಮುಂದೋ, ಪಾಸ್‌ವರ್ಡ್ ಹಾಕಿದ ಮ್ಯಾಲೋ?" ಇಡೀ ಕಸುಬು ಈ ಪ್ರಶ್ನೆಯಲ್ಲಿದೆ.

ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರದಿದ್ದರೆ ರೈತ ಅಲ್ಲೇ ಅಗೆಯುತ್ತ ಕೂಡುವುದಿಲ್ಲ, ಎಲ್ಲಿ ಕಟ್ಟಿದೆ ಎಂದು ಮೇಲಕ್ಕೆ ನಡೆದು ನೋಡುತ್ತಾನೆ. ಕಂಪ್ಯೂಟರ್ ಏಳುವುದೂ ಹೀಗೆಯೇ ಒಂದರ ಹಿಂದೊಂದು. ಸಿಪಿಯು ಡಬ್ಬಿಯೊಳಗಿನ ಎಸ್‌ಎಂಪಿಎಸ್ ಮನೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸುತ್ತದೆ. ಅವು ಸ್ಥಿರವಾದ ಮೇಲೆ ಮದರ್‌ಬೋರ್ಡಿಗೆ 'ಪವರ್ ಗುಡ್' ಎಂಬ ಸಂಕೇತ ಕಳಿಸುತ್ತದೆ. ಅದು ಬರುವ ತನಕ ಪ್ರೊಸೆಸರ್ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಬಂದ ಮೇಲೆ ಬೋರ್ಡಿನ ಚಿಪ್ಪಿನಲ್ಲಿರುವ ಬಯೋಸ್ ಎದ್ದು ರ‍್ಯಾಮ್, ಡಿಸ್‌ಪ್ಲೇ, ಕೀಬೋರ್ಡುಗಳನ್ನು ತಾನೇ ಪರೀಕ್ಷಿಸುತ್ತದೆ. 1981ರ ಐಬಿಎಂ ಪಿಸಿಯಲ್ಲಿ ಈ ಪರೀಕ್ಷೆ ಮುಗಿದಾಗ ಕೇಳುತ್ತಿದ್ದ ಒಂದು ಚಿಕ್ಕ 'ಬೀಪ್' ಇಂದಿಗೂ ಅನೇಕ ಬೋರ್ಡುಗಳಲ್ಲಿದೆ. ಮುಂದೆ ಬಯೋಸ್ ಡಿಸ್ಕನ್ನು ಹುಡುಕಿ ವಿಂಡೋಸಿಗೆ ಹೊಣೆ ಒಪ್ಪಿಸುತ್ತದೆ. ವಿಂಡೋಸ್ ತನ್ನ ತಿರುಳನ್ನು, ಡ್ರೈವರುಗಳನ್ನು, ಕೊನೆಗೆ ಉಳಿದ ಪ್ರೋಗ್ರಾಮುಗಳನ್ನು ಎಬ್ಬಿಸುತ್ತದೆ. ನಿಂತ ಜಾಗ ಗೊತ್ತಾದರೆ ಅಲ್ಲಿಯವರೆಗಿನದು ಬಹುಮಟ್ಟಿಗೆ ಸರಿ ಇದೆ ಎಂದಾಯಿತು.

ಬಹುಮಟ್ಟಿಗೆ ಎನ್ನಲು ಕಾರಣ ಕರೆಂಟು. ಹುಕ್ಕೇರಿ ತಾಲ್ಲೂಕಿಗೆ ಕರೆಂಟಿನ ವಿಷಯದಲ್ಲಿ ದೊಡ್ಡ ಇತಿಹಾಸವಿದೆ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಮೊದಲ ಐದು ಸಂಘಗಳಲ್ಲಿ ಒಂದು. ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರಿಗಳ ಒಕ್ಕೂಟ ಅದಕ್ಕೆ ನೆರವಾಗಿತ್ತು. ರಾಜ್ಯದ ಉಳಿದೆಡೆ ಎಸ್ಕಾಂಗಳು ಮಾಡುವ ವಿದ್ಯುತ್ ವಿತರಣೆಯನ್ನು ಇಲ್ಲಿ ಇಂದಿಗೂ ಸಹಕಾರಿ ಸಂಘ ಮಾಡುತ್ತದೆ, ಕರ್ನಾಟಕದಲ್ಲಿ ಇಂಥದ್ದು ಮತ್ತೊಂದಿಲ್ಲ. ಆದರೆ ಲೈನು ಯಾರದೇ ಇರಲಿ, ಪಂಪ್‌ಸೆಟ್ಟುಗಳು ಒಮ್ಮೆಲೇ ತಿರುಗಿದಾಗ ವೋಲ್ಟೇಜ್ ಕುಸಿಯುವುದು, ಬ್ಯಾಸಗಿಯ ಗುಡುಗಿಗೆ ಕರೆಂಟು ಹೋಗಿ ಬಂದು ಮಾಡುವುದು ಹಳ್ಳಿಗೆ ಹೊಸದಲ್ಲ. ಇದರ ಪೆಟ್ಟು ಮೊದಲು ಬೀಳುವುದು ಕರೆಂಟು ಹೋದಾಗ ಕಂಪ್ಯೂಟರನ್ನು ಹಿಡಿದಿಡುವ ಯುಪಿಎಸ್‌ಗೆ, ಆಮೇಲೆ ಎಸ್‌ಎಂಪಿಎಸ್‌ಗೆ.

ಯುಪಿಎಸ್‌ನೊಳಗಿನ 12 ವೋಲ್ಟಿನ ಚಿಕ್ಕ ಬ್ಯಾಟರಿಗೆ ಎರಡು-ಮೂರು ವರ್ಷದ ಆಯುಷ್ಯ. ಅದು ಸೋತಿದ್ದರೂ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಏಳುವ ಹೊತ್ತಿನಲ್ಲಿ ಫ್ಯಾನು, ಡಿಸ್ಕು, ಪ್ರೊಸೆಸರ್ ಒಟ್ಟಿಗೆ ಕರೆಂಟು ಎಳೆಯುತ್ತವೆ, ಅದೇ ಗಳಿಗೆಗೆ ವೋಲ್ಟೇಜೂ ಕುಸಿದರೆ ಯುಪಿಎಸ್ ಕೈಬಿಡುತ್ತದೆ. ಅದನ್ನು ತೆಗೆದು ನೇರ ಗೋಡೆಯ ಪ್ಲಗ್ಗಿಗೆ ಹಚ್ಚಿ ನೋಡುವುದೇ ಇದರ ಪರೀಕ್ಷೆ. ಎಸ್‌ಎಂಪಿಎಸ್ ಸೊರಗಿದ್ದಕ್ಕೆ ಬೇರೆ ಲಕ್ಷಣವಿದೆ: ಮುಂಜಾನೆ ಮೊದಲ ಸಲ ನಿಲ್ಲುತ್ತದೆ, ಎರಡು-ಮೂರು ಸಲ ಆಫ್-ಆನ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಸಂಜೆಯವರೆಗೆ ನಡೆಯುತ್ತದೆ. ಒಳಗಿನ ಕೆಪಾಸಿಟರುಗಳು ಬಿಸಿಗೆ ಒಣಗಿ, ತಣ್ಣಗಿದ್ದಾಗ ಕೆಲಸ ಮಾಡದೆ, ಸ್ವಲ್ಪ ಬೆಚ್ಚಗಾದ ಮೇಲೆ ಚೇತರಿಸಿಕೊಳ್ಳುವುದರಿಂದ ಹೀಗಾಗುತ್ತದೆ. ಹಳದಿ ವೈರಿನಲ್ಲಿ ಮಲ್ಟಿಮೀಟರ್ 11.4ರಿಂದ 12.6 ವೋಲ್ಟಿನ ನಡುವೆ ತೋರಿಸಬೇಕು. ಭಾರವಿಲ್ಲದಾಗ ಸರಿಯಾಗಿ ತೋರಿಸಿ ಭಾರ ಬಿದ್ದಾಗ ಕುಸಿಯುವ ಎಸ್‌ಎಂಪಿಎಸ್‌ಗಳೂ ಉಂಟು. ಆದ್ದರಿಂದ ರಿಪೇರಿಗಾರ ಒಳ್ಳೆಯದೆಂದು ಖಾತ್ರಿಯಿದ್ದ ಇನ್ನೊಂದನ್ನು ಹಚ್ಚಿ ನೋಡಿಯೇ ತೀರ್ಮಾನಕ್ಕೆ ಬರುತ್ತಾನೆ. ಮದರ್‌ಬೋರ್ಡಿನ ಮೇಲೂ ಅವನ ಕಣ್ಣು ಮೊದಲು ಹೋಗುವುದು ತಲೆ ಉಬ್ಬಿದ ಕೆಪಾಸಿಟರುಗಳತ್ತ. 2000ದ ದಶಕದ ಮೊದಲ ವರ್ಷಗಳಲ್ಲಿ ಕಳಪೆ ಕೆಪಾಸಿಟರುಗಳಿಂದಾಗಿ ಜಗತ್ತಿನಾದ್ಯಂತ ಅಸಂಖ್ಯ ಬೋರ್ಡುಗಳು ಹೀಗೆಯೇ ಸತ್ತವು.

ಕಂಪನಿಯ ಹೆಸರು ಬಂದು ಅಲ್ಲೇ ನಿಂತರೆ ಮೊದಲು ಪ್ರಿಂಟರ್, ಪೆನ್‌ಡ್ರೈವ್, ಬೆರಳಚ್ಚಿನ ಯಂತ್ರ ಎಲ್ಲ ಕಿತ್ತು ನೋಡಬೇಕು. ತಾರೀಖು ಹಳೆಯದು ತೋರಿಸಿದರೆ ಬೋರ್ಡಿನ ನಾಣ್ಯದಂಥ 3 ವೋಲ್ಟಿನ ಸೆಲ್ ಮುಗಿದಿದೆ. ರ‍್ಯಾಮಿನ ಬಂಗಾರದ ಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಒರೆಸಿ ಮತ್ತೆ ಕೂಡಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಬಹಳ ಸಲ ಕೆಲಸವನ್ನೂ ಕೊಡುತ್ತದೆ.

ಚುಕ್ಕಿಗಳು ತಿರುಗುತ್ತ ನಿಂತವೆಂದರೆ ಮಾತು ಡಿಸ್ಕಿಗೆ ಬಂತು. ಇಲ್ಲಿ ನನ್ನದೊಂದು ಹಟವಿದೆ. "ಫಾರ್ಮ್ಯಾಟ್ ಹೊಡದ್ರ ಮುಗೀತು" ಎನ್ನುವುದು ರಿಪೇರಿಯಲ್ಲ. ಹಳ್ಳಿಯ ಕಂಪ್ಯೂಟರಿನಲ್ಲಿ ಯಂತ್ರಕ್ಕಿಂತ ಬೆಲೆಯುಳ್ಳದ್ದು ಒಳಗಿರುವ ಲೆಕ್ಕ. ಸೊಸೈಟಿಯ ಟ್ಯಾಲಿ, ಕಬ್ಬಿನ ಬಿಲ್ಲುಗಳು, ಸ್ಕ್ಯಾನ್ ಮಾಡಿಟ್ಟ ಕಾಗದಗಳು ಹೆಚ್ಚಾಗಿ ಡೆಸ್ಕ್‌ಟಾಪಿನ ಮೇಲೆಯೇ, ಅಂದರೆ ಫಾರ್ಮ್ಯಾಟ್ ಅಳಿಸಿಹಾಕುವ ಸಿ ಡ್ರೈವಿನಲ್ಲಿಯೇ ಇರುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕಡತ ಉಳಿದರೂ, ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅದು ಓದಲಾಗದ ಇಂಗ್ಲಿಷ್ ಗುರುತುಗಳ ರಾಶಿಯಾಗಿ ಕಾಣುತ್ತದೆ. ಕಡತ ಕೆಟ್ಟಿತೆಂದು ತಿಳಿದು ಅಳಿಸುವವರೂ ಇದ್ದಾರೆ.

ಕಸುಬುದಾರ ಮೊದಲು ಡಿಸ್ಕಿಗೆ ಕಿವಿ ಕೊಡುತ್ತಾನೆ. 'ಟಕ್ ಟಕ್' ಸದ್ದು ಬಂದರೆ ಅದನ್ನು ಪದೇಪದೇ ಚಾಲೂ ಮಾಡುವುದಿಲ್ಲ, ಚೆಕ್‌ಡಿಸ್ಕ್ ಕೂಡ ಓಡಿಸುವುದಿಲ್ಲ. ಸಾಯುತ್ತಿರುವ ಡಿಸ್ಕಿನ ಉಳಿದ ಶಕ್ತಿಯನ್ನು ಅದೇ ತಿಂದುಬಿಡುತ್ತದೆ. ಲಿನಕ್ಸ್ ಹಾಕಿದ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿ, ಬೇಕಾದ ಕಡತಗಳನ್ನು ಹೊರಗೆ ತೆಗೆದು, ಡಿಸ್ಕ್ ತನ್ನ ಬಗ್ಗೆ ತಾನೇ ಬರೆದುಕೊಂಡ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರುಗಳೆಷ್ಟು ಎಂದು ನೋಡುತ್ತಾನೆ. ಡಿಸ್ಕ್ ಗಟ್ಟಿಯಿದ್ದರೆ ಸೇಫ್ ಮೋಡ್. ಅದರಲ್ಲಿ ಚೆನ್ನಾಗಿ ಎದ್ದರೆ ತಪ್ಪು ಯಾವುದೋ ಡ್ರೈವರಿನದು, ಇಲ್ಲವೇ ಹೊಸದಾಗಿ ಸೇರಿಸಿದ ಪ್ರೋಗ್ರಾಮಿನದು.

ಈ ಕೈಕೆಲಸದ ಬೆಲೆ ಜಗತ್ತಿಗೆ ತಿಳಿದದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರ್ಣ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು, ಅನೇಕವು ಏಳುವಾಗಲೇ ಮತ್ತೆ ಮತ್ತೆ ಬಿದ್ದವು. ವಿಮಾನಗಳು ನಿಂತವು, ಆಸ್ಪತ್ರೆಗಳು ತಡವರಿಸಿದವು. ಪರಿಹಾರ ಬಹಳಷ್ಟು ಕಡೆ ಒಂದೇ: ಒಬ್ಬ ಮನುಷ್ಯ ಆ ಯಂತ್ರದ ಮುಂದೆ ಕೂತು, ಸೇಫ್ ಮೋಡಿಗೆ ಹೋಗಿ, ಅಪ್‌ಡೇಟಿನ ಆ ದೋಷಪೂರ್ಣ ಕಡತವನ್ನು ಕೈಯಿಂದ ಅಳಿಸಬೇಕಿತ್ತು. ಹಳ್ಳಿಯ ರಿಪೇರಿಗಾರ ದಿನವೂ ಮಾಡುವ ಕೆಲಸವೂ ಇದೇ ಜಾತಿಯದು.

ಈಗ ಈ ರಿಪೇರಿಗಾರರ ಮುಂದಿರುವುದು ಬೇರೆ ತರಹದ ಗಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಹೊಸ ತಲೆಮಾರಿನ ಪ್ರೊಸೆಸರ್ ಹಳೆಯ ಡೆಸ್ಕ್‌ಟಾಪುಗಳಲ್ಲಿ ಇಲ್ಲ. ಅಂಥವನ್ನು ಗುಜರಿಗೆ ಹಾಕುವುದು ಅನ್ಯಾಯ. ತಿರುಗುವ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಕೂಡಿಸಿದರೆ ಅರ್ಜಿ ತುಂಬಲು, ಟೈಪ್ ಮಾಡಲು, ಮಕ್ಕಳ ಓದಿಗೆ ಅವು ಇನ್ನೂ ಹಲವು ವರ್ಷ ಸಾಕು. ವಿಂಡೋಸಿಗೆಂದೇ ಮಾಡಿದ ತಂತ್ರಾಂಶ, ಬೆರಳಚ್ಚಿನ ಯಂತ್ರದ ಡ್ರೈವರು ಬೇಕಾದ ಕಡೆ ಮಾತ್ರ ಇದು ನಡೆಯುವುದಿಲ್ಲ. ಅದನ್ನು ಗಿರಾಕಿಗೆ ಮೊದಲೇ ಹೇಳುವವನೇ ಒಳ್ಳೆಯ ರಿಪೇರಿಗಾರ.

ಅಂಗಡಿಗೆ ಹೋಗುವಾಗ ಮಾನಿಟರ್, ಕೀಬೋರ್ಡ್ ಹೊರುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ, ಸಿಪಿಯು ಡಬ್ಬಿ ಸಾಕು. ಆದರೆ ನಿಂತ ಪರದೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಹಿಂದಿನ ದಿನ ಕರೆಂಟು ಹೋಗಿತ್ತೇ, ಹೊಸ ಪ್ರಿಂಟರ್ ಹಚ್ಚಿದ್ದಿರೇ, ಯಾವ ಕಡತ ಉಳಿಯಲೇಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ.