ನೀರನ್ನೊಲ್ಲದ ಎಳೆ: ಪಾಲಿಯೆಸ್ಟರಿಗೆ ಬಣ್ಣ ಹಿಡಿಸಿದ ಚರಿತ್ರೆ

ಒಂದು ಪದಾರ್ಥವನ್ನು ಕಂಡುಹಿಡಿದ ವರ್ಷವನ್ನು ಗುರುತಿಸಿದೊಡನೆ ಅದರ ಚರಿತ್ರೆ ಮುಗಿಯಿತೆಂದು ಭಾವಿಸುವುದು ಚರಿತ್ರೆಯ ಅಭ್ಯಾಸಿಗಳಾದ ನಮ್ಮಲ್ಲಿ ರೂಢಿಯಾಗಿದೆ. ಈ ರೂಢಿ ಎಷ್ಟು ಅಪೂರ್ಣವೆಂಬುದಕ್ಕೆ ಪಾಲಿಯೆಸ್ಟರ್ ಎಳೆಯ ಕಥೆ ಒಳ್ಳೆಯ ನಿದರ್ಶನ. 1941ರಲ್ಲಿ ಇಂಗ್ಲೆಂಡಿನ ಜೆ. ಆರ್. ವಿನ್‌ಫೀಲ್ಡ್ ಮತ್ತು ಜೆ. ಟಿ. ಡಿಕ್ಸನ್ ಎಂಬ ರಸಾಯನ ವಿಜ್ಞಾನಿಗಳು ಈ ಎಳೆಯನ್ನು ಕಂಡುಹಿಡಿದರು. ಅವರು ಕೆಲಸಮಾಡುತ್ತಿದ್ದುದು ಮ್ಯಾಂಚೆಸ್ಟರಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್ನಿನಲ್ಲಿ. ಅದು ಹತ್ತಿಯ ಬಟ್ಟೆಗೆ ಬಣ್ಣದ ಅಚ್ಚು ಹಾಕುವವರ ಸಂಸ್ಥೆ. ಬಣ್ಣದಿಂದಲೇ ಬಾಳುತ್ತಿದ್ದ ಸಂಸ್ಥೆಯಲ್ಲಿ ಹುಟ್ಟಿದ ಈ ಎಳೆ ಬಣ್ಣವನ್ನು ಸುಲಭವಾಗಿ ಹತ್ತಿರಕ್ಕೆ ಸೇರಿಸಲಿಲ್ಲ. ಎಳೆಯು ಜನರು ಮೆಚ್ಚಿ ಉಡುವ ಬಟ್ಟೆಯಾಗಲು ರಸಾಯನಜ್ಞರೂ ಬಣ್ಣಗಾರರೂ ಹಲವು ದಶಕಗಳ ಕಾಲ ದುಡಿಯಬೇಕಾಯಿತು. ಆ ದುಡಿಮೆಯ ಸ್ವರೂಪವನ್ನೂ ಅದಕ್ಕಾಗಿ ತೆತ್ತ ಬೆಲೆಯನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ಕಾರಣವನ್ನು ನೋಡೋಣ. 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ನೂರಕ್ಕೆ 65ರಷ್ಟು ತೇವಾಂಶವುಳ್ಳ ಗಾಳಿಯಲ್ಲಿ ಇರಿಸಿದಾಗ, 100 ತೊಲ ಒಣ ಉಣ್ಣೆ ಸುಮಾರು 16 ತೊಲ ನೀರನ್ನು ಹೀರುತ್ತದೆ. ರೇಷ್ಮೆ 11, ಹತ್ತಿ ಸುಮಾರು 8, ನೈಲಾನ್ ಸುಮಾರು 4 ತೊಲ. ಪಾಲಿಯೆಸ್ಟರ್ ಹೀರುವುದು 0.4 ತೊಲ ಮಾತ್ರ. ಹತ್ತಿಯ ಅಣುಗಳಲ್ಲಿ ನೀರನ್ನು ಹಿಡಿದುಕೊಳ್ಳುವ ಹೈಡ್ರಾಕ್ಸಿಲ್ ಗುಂಪುಗಳು ಹೇರಳವಾಗಿವೆ. ನೀರು ಒಳಹೊಕ್ಕು ಎಳೆಯನ್ನು ಉಬ್ಬಿಸುತ್ತದೆ; ಆ ನೀರಿನ ಹಾದಿಯಲ್ಲಿಯೇ ಬಣ್ಣವೂ ಒಳಗೆ ಸೇರುತ್ತದೆ. ಪಾಲಿಯೆಸ್ಟರಿನಲ್ಲಾದರೋ ಅಂತಹ ಗುಂಪುಗಳು ಸರಪಳಿಯ ತುದಿಗಳಲ್ಲಿ ಮಾತ್ರ ಇವೆ. ಅಣುಸರಪಳಿಗಳೂ ಒತ್ತಾಗಿ ಹೊಂದಿಕೊಂಡಿವೆ. ಒಗೆದೊಡನೆ ಒಣಗುವುದು, ಸುಕ್ಕುಗಟ್ಟದಿರುವುದು ಎಂಬ ಗುಣಗಳಿಗೂ ಬಣ್ಣ ಹಿಡಿಯದ, ಬೆವರನ್ನು ಹೀರದ ದೋಷಗಳಿಗೂ ಮೂಲ ಒಂದೇ. ಆದುದರಿಂದ ದೋಷವನ್ನು ತಿದ್ದಹೊರಟವನು ಗುಣವನ್ನೂ ಮುಟ್ಟದೆ ಇರಲಾರ.

ಇದಕ್ಕೆ ಪರಿಹಾರವನ್ನು ಮೂರು ಹಾದಿಗಳಲ್ಲಿ ಅರಸಿದರು. ಮೊದಲನೆಯದು, ಎಳೆಯನ್ನು ಹಾಗೆಯೇ ಬಿಟ್ಟು ಬಣ್ಣವನ್ನು ಬದಲಾಯಿಸುವುದು. ಇದಕ್ಕೆ ಪೂರ್ವಸಿದ್ಧತೆ ಆಗಲೇ ನಡೆದಿತ್ತು. 1920ರ ದಶಕದಲ್ಲಿ ಅಸಿಟೇಟ್ ಎಂಬ ಕೃತಕ ರೇಷ್ಮೆಗೂ ಹತ್ತಿಯ ಬಣ್ಣಗಳು ಹಿಡಿಯದೆ ಹೋದಾಗ, ನೀರಿನಲ್ಲಿ ಕರಗದ ಬಣ್ಣಗಳನ್ನು ನುಣ್ಣಗೆ ಅರೆದು ನೀರಿನಲ್ಲಿ ಚೆದುರಿಸಿ ಬಳಸುವ ಉಪಾಯವನ್ನು ಕಂಡುಕೊಂಡಿದ್ದರು. ಇವೇ ಡಿಸ್ಪರ್ಸ್ ಬಣ್ಣಗಳು. ಇವು ನೀರನ್ನು ಬಿಟ್ಟು ಎಳೆಯೊಳಗೇ ಕರಗುತ್ತವೆ. ಆದರೆ ಕುದಿಯುವ ನೀರಿನಲ್ಲಿಯೂ ಪಾಲಿಯೆಸ್ಟರಿನೊಳಕ್ಕೆ ಅವುಗಳ ಪ್ರವೇಶ ಬಹು ನಿಧಾನ. ಆದಕಾರಣ ಮುಚ್ಚಿದ ಪಾತ್ರೆಯಲ್ಲಿ ಒತ್ತಡವನ್ನೇರಿಸಿ 130 ಡಿಗ್ರಿಯಲ್ಲಿ ಬಣ್ಣ ಹಾಕುವ ಕ್ರಮ ಬಂದಿತು. ಬಣ್ಣ ಸವರಿದ ಬಟ್ಟೆಯನ್ನು 200 ಡಿಗ್ರಿಯ ಸುಮಾರಿನ ಬಿಸಿಗಾಳಿಯಲ್ಲಿ ಹಾಯಿಸುವ ಕ್ರಮವೂ ಬಂದಿತು. ಒತ್ತಡದ ಪಾತ್ರೆಗಳಿಲ್ಲದವರು ಬೈಫೀನೈಲ್, ಟ್ರೈಕ್ಲೋರೊಬೆಂಜೀನ್ ಮುಂತಾದ ವಾಹಕದ್ರವ್ಯಗಳನ್ನು ಸೇರಿಸಿ ಎಳೆಯನ್ನು ಸಡಿಲಗೊಳಿಸಿದರು.

ಎರಡನೆಯ ಹಾದಿ ಎಳೆಯ ಮೈಯನ್ನು ಮಾರ್ಪಡಿಸುವುದು. ಬಿಸಿಯಾದ ಕಾಸ್ಟಿಕ್ ಸೋಡದ ದ್ರಾವಣ ಪಾಲಿಯೆಸ್ಟರಿನ ಮೇಲ್ಮೈಯಲ್ಲಿರುವ ಎಸ್ಟರ್ ಬಂಧಗಳನ್ನು ಕಡಿಯುತ್ತದೆ. ಕಡಿದ ಕಡೆ ನೀರನ್ನು ಆಕರ್ಷಿಸುವ ಹೈಡ್ರಾಕ್ಸಿಲ್ ಮತ್ತು ಕಾರ್ಬಾಕ್ಸಿಲ್ ಗುಂಪುಗಳು ತಲೆದೋರುತ್ತವೆ. ಎಳೆ ಪದರ ಪದರವಾಗಿ ಸವೆದು ತೆಳುವಾಗುವುದರಿಂದ ಬಟ್ಟೆ ಮೃದುವಾಗಿ ರೇಷ್ಮೆಯಂತೆ ಜೋಲುತ್ತದೆ. ಆದರೆ ಈ ಕ್ರಮದಲ್ಲಿ ಬಟ್ಟೆಯ ತೂಕದಲ್ಲಿ ನೂರಕ್ಕೆ 10ರಿಂದ 30ರಷ್ಟು ಕರಗಿ ಹೋಗುವುದುಂಟು, ಬಲವೂ ಕುಗ್ಗುತ್ತದೆ. ಸವೆಸದೆಯೇ ಫಲ ಪಡೆಯಬೇಕೆಂದವರು ಪಾಲಿಎಥಿಲೀನ್ ಗ್ಲೈಕಾಲ್ ಕೂಡಿದ ಲೇಪವನ್ನು ಬಳಸಿದರು. ಅದರ ಒಂದು ಭಾಗ ಎಳೆಗೆ ಅಂಟಿಕೊಳ್ಳುತ್ತದೆ, ಇನ್ನೊಂದು ಭಾಗ ನೀರನ್ನು ಕರೆಯುತ್ತದೆ. ಇಲ್ಲಿ ಒಂದು ಭೇದವನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಮೈ ನೆನೆಯುವುದು ಬೇರೆ, ಒಡಲು ಹೀರುವುದು ಬೇರೆ. ಇಂತಹ ಸಂಸ್ಕಾರ ಪಡೆದ ಬಟ್ಟೆಯ ಮೇಲೆ ಬೆವರು ಬೇಗ ಹರಡಿ ಆರುತ್ತದೆ. ಆದರೆ ಎಳೆಯ ಒಡಲು ಮೊದಲಿನಂತೆಯೇ ಒಣಗಿರುತ್ತದೆ.

ಮೂರನೆಯ ಹಾದಿ ಎಳೆಯ ಅಣುವನ್ನೇ ಹುಟ್ಟಿನಲ್ಲಿ ಬದಲಾಯಿಸುವುದು. ಪಾಲಿಯೆಸ್ಟರನ್ನು ತಯಾರಿಸುವಾಗಲೇ ಸಲ್ಫೋ-ಐಸೋಥ್ಯಾಲಿಕ್ ಆಮ್ಲದ ಸೋಡಿಯಂ ಲವಣವನ್ನು ನೂರಕ್ಕೆ ಎರಡು ಮೂರು ಅಣುಗಳಷ್ಟು ಬೆರೆಸಿದರೆ, ಸರಪಳಿಯಲ್ಲಿ ಋಣವಿದ್ಯುತ್ತಿನ ನೆಲೆಗಳು ಏರ್ಪಡುತ್ತವೆ. ಧನವಿದ್ಯುತ್ತುಳ್ಳ ಬೇಸಿಕ್ ಬಣ್ಣಗಳು ಅಲ್ಲಿ ನೆಲೆಸಿ ಉಜ್ವಲವಾಗಿ ಕಾಣುತ್ತವೆ. ಸರಪಳಿಗಳ ಜೋಡಣೆಯೂ ಸಡಿಲವಾಗಿ ಡಿಸ್ಪರ್ಸ್ ಬಣ್ಣಗಳ ಪ್ರವೇಶ ಸುಗಮವಾಗುತ್ತದೆ. ಆದರೆ ಇಂತಹ ಎಳೆ ಸಾಮಾನ್ಯ ಪಾಲಿಯೆಸ್ಟರಿಗಿಂತ ದುರ್ಬಲ. ಕ್ಷಾರಕ್ಕೂ ಬೇಗ ಈಡಾಗುತ್ತದೆ. ಹೀಗೆ ಬಣ್ಣಕ್ಕೆ ತೆರೆದ ಬಾಗಿಲು ಸವೆತಕ್ಕೂ ತೆರೆಯಿತು.

ಇವುಗಳ ಜೊತೆಗೆ ಸುಲಭವಾದ ಒಂದು ರಾಜಿಯೂ ಉಂಟು. ಎಳೆಯನ್ನು ತಿದ್ದುವುದಕ್ಕೆ ಬದಲಾಗಿ ಅದಕ್ಕೆ ಹತ್ತಿಯನ್ನು ಜೊತೆಗೂಡಿಸುವುದು. ನಮ್ಮ ದೇಶದಲ್ಲಿ ಟೆರಿಕಾಟ್ ಎಂದು ಮನೆಮಾತಾದ ಬಟ್ಟೆ ಇದೇ. 67 ಭಾಗ ಪಾಲಿಯೆಸ್ಟರಿಗೆ 33 ಭಾಗ ಹತ್ತಿ ಎಂಬುದು ಅದರ ಪ್ರಸಿದ್ಧ ಪ್ರಮಾಣ. ಉಟ್ಟವನ ಬೆವರನ್ನು ಹತ್ತಿ ಹೀರಿತು, ಇಸ್ತ್ರಿಯನ್ನು ಪಾಲಿಯೆಸ್ಟರ್ ಕಾಯ್ದಿತು. ಬಣ್ಣಗಾರನಿಗೆ ಮಾತ್ರ ಕೆಲಸ ಇಮ್ಮಡಿಯಾಯಿತು. ಎರಡು ಎಳೆಗಳಿಗೂ ಬೇರೆ ಬೇರೆ ಬಣ್ಣ ಹಾಕಿ ಒಂದೇ ಛಾಯೆ ಬರುವಂತೆ ನೋಡಿಕೊಳ್ಳಬೇಕಾಯಿತು.

ಬೆಲೆಯನ್ನು ತೆತ್ತುದು ಬಟ್ಟೆಯೊಂದೇ ಅಲ್ಲ. ಹಲವು ವಾಹಕದ್ರವ್ಯಗಳು ದುಡಿಯುವವರ ಆರೋಗ್ಯಕ್ಕೂ ಜಲಚರಗಳಿಗೂ ಹಾನಿಕರವೆಂದು ಕಂಡುಬಂದು ಅವುಗಳ ಬಳಕೆ ಇಳಿಮುಖವಾಯಿತು. ಸೋಡದಲ್ಲಿ ಕರಗಿದ ಎಳೆಯ ಅಂಶವೂ ಉಳಿದ ಕ್ಷಾರವೂ ಕಾರ್ಖಾನೆಯ ಕೊಳೆನೀರನ್ನು ಸೇರುತ್ತವೆ. ಶುದ್ಧಿಮಾಡದೆ ಬಿಟ್ಟರೆ ಹೊರೆ ಹೊರುವುದು ಹೊಳೆ. ಈ ಕಾರಣದಿಂದಲೇ ಕ್ಷಾರದ ಬದಲು ಕ್ಯುಟಿನೇಸ್ ಮುಂತಾದ ಕಿಣ್ವಗಳಿಂದ ಎಳೆಯ ಮೈಯನ್ನಷ್ಟೇ ಹದವಾಗಿ ತಿದ್ದುವ ಪ್ರಯೋಗಗಳು ನಡೆದಿವೆ.

1941 ಎಂಬ ಇಸವಿ ನಮ್ಮ ಪುಸ್ತಕಗಳಲ್ಲಿ ಇರಲಿ. ಆದರೆ ಆ ವರ್ಷ ಹುಟ್ಟಿದ್ದು ಎಳೆ ಮಾತ್ರ. ಅದನ್ನು ಬಟ್ಟೆಯನ್ನಾಗಿ ಮಾಡಿದ್ದು, ಪಡೆದ ಪ್ರತಿಯೊಂದು ಗುಣಕ್ಕೂ ಏನನ್ನಾದರೂ ಬಿಟ್ಟುಕೊಡುತ್ತ ಸಾಗಿದ ದೀರ್ಘವಾದ ವ್ಯವಹಾರ. ಉಪಜ್ಞೆಯ ಚರಿತ್ರೆಯನ್ನು ಬರೆಯುವವರು ಲಾಭದ ಪುಟದೊಡನೆ ಈ ವೆಚ್ಚದ ಪುಟವನ್ನೂ ಓದಬೇಕಾದುದು ನ್ಯಾಯವಾಗಿದೆ.